ಗೆರೆ ಹಿಡಿದು ಓಡುವ ರೋಬೋಟ್: ವಿದ್ಯಾರ್ಥಿ ತಂಡ ಮೊದಲಿನಿಂದ ಕಟ್ಟುವ ಬಗೆ

ಬಿಳಿ ಫ್ಲೆಕ್ಸಿನ ಮೇಲೆ ಬೆರಳೆರಡರಷ್ಟು ಅಗಲದ ಕಪ್ಪು ಗೆರೆ. ಅದನ್ನು ಬಿಡದೆ, ಎಲ್ಲರಿಗಿಂತ ಬೇಗ ಓಡಿ ಮುಗಿಸಬೇಕು. ಕಾಲೇಜು ಟೆಕ್ ಫೆಸ್ಟ್‌ಗಳಲ್ಲಿ ಲೈನ್ ಫಾಲೋವರ್ ಸ್ಪರ್ಧೆ ಎಂದರೆ ಇಷ್ಟೇ. ಕೇಳಲು ಸುಲಭ. ಆದರೆ ಇದರಲ್ಲಿ ಸೋಲುವ ತಂಡಗಳಲ್ಲಿ ಹೆಚ್ಚಿನವು ಕೋಡ್ ಬರೆಯಲು ಬಾರದೆ ಸೋಲುವುದಿಲ್ಲ. ಸೆನ್ಸರ್ ಇರಬೇಕಾದ್ದಕ್ಕಿಂತ ಎರಡು ಮಿಲಿಮೀಟರ್ ಮೇಲಿರುತ್ತದೆ, ಮೋಟಾರ್ ಎಳೆದ ಕ್ಷಣ ಬ್ಯಾಟರಿ ಕುಸಿಯುತ್ತದೆ, ಚಕ್ರಕ್ಕೆ ಧೂಳು ಮೆತ್ತಿರುತ್ತದೆ. ಈ ತಪ್ಪುಗಳನ್ನು ಕೋಡ್‌ನಲ್ಲಿ ಸರಿಪಡಿಸಲು ಹೋಗಿ ರಾತ್ರಿಗಳು ಕಳೆದುಹೋಗುತ್ತವೆ. ಆದ್ದರಿಂದ ಇಲ್ಲಿ ಕೋಡ್ ಕೊನೆಗೆ ಬರುತ್ತದೆ. ನಾಲ್ಕು ಜನರ ತಂಡ, ದಿನಕ್ಕೆ ಎರಡು ಗಂಟೆ, ನಾಲ್ಕು ವಾರ ಎಂಬ ಲೆಕ್ಕದಲ್ಲಿ ಮುಂದಿನ ಹೆಜ್ಜೆಗಳಿವೆ.

ನಾಲ್ವರಲ್ಲಿ ಒಬ್ಬರು ಚಾಸಿ (ರೋಬೋಟ್‌ನ ಚೌಕಟ್ಟು) ಮತ್ತು ಚಕ್ರ, ಒಬ್ಬರು ವೈರಿಂಗ್ ಮತ್ತು ಬ್ಯಾಟರಿ, ಒಬ್ಬರು ಕೋಡ್ ನೋಡಿಕೊಳ್ಳಲಿ. ನಾಲ್ಕನೆಯವರಿಗೆ ಟ್ರ್ಯಾಕ್ ಮತ್ತು ನೋಟ್‌ಬುಕ್. ಇದು ಉಳಿದವರಿಗೆ ಕೊಡುವ ಕೆಲಸ ಅಂದುಕೊಳ್ಳಬೇಡಿ. ಯಾವ ಓಟದಲ್ಲಿ ಬ್ಯಾಟರಿ ಎಷ್ಟು ವೋಲ್ಟ್ ಇತ್ತು, ಯಾವ ಸಂಖ್ಯೆ ಬದಲಾಯಿತು, ಎಲ್ಲಿ ಗೆರೆ ತಪ್ಪಿತು ಎಂದು ಬರೆದಿಡುವವರು ಇಲ್ಲದ ತಂಡ ಸುತ್ತಿ ಸುತ್ತಿ ಅದೇ ಜಾಗಕ್ಕೆ ಬರುತ್ತದೆ.

ಮೊದಲು ನಿಯಮ, ಆಮೇಲೆ ಟ್ರ್ಯಾಕ್

ಸಾಮಾನು ಕೊಳ್ಳುವ ಮುಂಚೆ ಸ್ಪರ್ಧೆಯ ನಿಯಮಾವಳಿ ಓದಿ. ರೋಬೋಟ್‌ನ ಗರಿಷ್ಠ ಉದ್ದಗಲ, ಬ್ಯಾಟರಿಯ ಗರಿಷ್ಠ ವೋಲ್ಟ್, ಗೆರೆಯ ಅಗಲ, ತಿರುವು ಎಷ್ಟು ಚೂಪು, ಗೆರೆ ನಡುವೆ ಕಡಿದುಹೋಗಿರುತ್ತದೆಯೇ, ಅಡ್ಡಗೆರೆಗಳಿವೆಯೇ, ರೆಡಿಮೇಡ್ ಕಿಟ್‌ಗೆ ಅವಕಾಶ ಇದೆಯೇ. ಈ ಏಳು ಉತ್ತರಗಳನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆಯಿರಿ.

ನಂತರ ಅಭ್ಯಾಸದ ಟ್ರ್ಯಾಕ್. ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿಯಲ್ಲಿ ಆರು ಅಡಿಗೆ ನಾಲ್ಕು ಅಡಿಯ ಹಾಳೆ ಮಾಡಿಸಿ, ಹೊಳಪಿಲ್ಲದ ಮ್ಯಾಟ್ ಹಾಳೆಯನ್ನೇ ಕೇಳಿ. ಹೊಳೆಯುವ ಫ್ಲೆಕ್ಸ್ ಕೆಲವು ಕೋನಗಳಲ್ಲಿ ಕನ್ನಡಿಯಂತೆ ವರ್ತಿಸಿ ಸೆನ್ಸರನ್ನು ದಾರಿ ತಪ್ಪಿಸುತ್ತದೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿರುವುದಿಲ್ಲ: ಕಣ್ಣಿಗೆ ಕಪ್ಪಾಗಿ ಕಾಣುವ ಎಲ್ಲ ಇಂಕೂ ಇನ್‌ಫ್ರಾರೆಡ್ ಬೆಳಕಿಗೆ ಕಪ್ಪಲ್ಲ. ಕೆಲವು ಇಂಕುಗಳ ಮೂಲಕ ಆ ಬೆಳಕು ಹಾದುಹೋಗಿ ಕೆಳಗಿನ ಬಿಳಿಯಿಂದ ಮರಳಿ ಬರುತ್ತದೆ, ಸೆನ್ಸರಿಗೆ ಗೆರೆಯೇ ಕಾಣುವುದಿಲ್ಲ. ಹಾಳೆ ಪೂರ್ತಿ ಪ್ರಿಂಟ್ ಮಾಡಿಸುವ ಮೊದಲು ಒಂದು ತುಂಡು ಮಾಡಿಸಿಕೊಂಡು ಸೆನ್ಸರ್ ಹಿಡಿದು ನೋಡಿ. ತುರ್ತಿಗೆ ಬಿಳಿ ಡ್ರಾಯಿಂಗ್ ಶೀಟ್ ಮೇಲೆ ಎಲೆಕ್ಟ್ರಿಷಿಯನ್‌ಗಳು ಬಳಸುವ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿದರೂ ನಡೆಯುತ್ತದೆ. ಅದರ ಅಗಲ ಸುಮಾರು 18 ಮಿ.ಮೀ. ಇರುವುದರಿಂದ ಎರಡು ಪಟ್ಟಿಗಳನ್ನು ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಬೇಕಾದ ಅಗಲಕ್ಕೆ ತನ್ನಿ.

ಬೇಕಾಗುವ ಸಾಮಾನು

ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಒಂದೇ ಸುತ್ತಿನಲ್ಲಿ ಸಿಗುತ್ತದೆ. ಉಳಿದ ಊರಿನವರು ಆನ್‌ಲೈನ್‌ನಲ್ಲಿ ತರಿಸುವುದಾದರೆ ಒಂದು ವಾರ ಮೊದಲೇ ಹೇಳಿಡಿ. ಒಂದು ರೋಬೋಟ್‌ಗೆ ಬೇಕಾದ್ದು ಇಷ್ಟು:

ಆರ್ಡುಯಿನೊ ನ್ಯಾನೊ (ಕೋಡ್ ಓಡಿಸುವ ಪುಟ್ಟ ಬೋರ್ಡ್, ರೋಬೋಟ್‌ನ ಮಿದುಳು) – 2 (ಒಂದು ಸ್ಪೇರ್)
ಎಂಟು ಕಣ್ಣಿನ ಅನಲಾಗ್ ಸೆನ್ಸರ್ ಪಟ್ಟಿ – 1
ಎನ್20 ಗೇರ್ ಮೋಟಾರ್, 6 ವೋಲ್ಟ್, 600 ಆರ್‌ಪಿಎಂ – 3
43 ಮಿ.ಮೀ. ವ್ಯಾಸದ ರಬ್ಬರ್ ಟೈರಿನ ಚಕ್ರ – 2, ಮೋಟಾರ್ ಬ್ರಾಕೆಟ್ – 2
ಟಿಬಿ6612ಎಫ್‌ಎನ್‌ಜಿ ಮೋಟಾರ್ ಡ್ರೈವರ್ (ನ್ಯಾನೊ ಹೇಳಿದಂತೆ ಮೋಟಾರಿಗೆ ವಿದ್ಯುತ್ ಕೊಡುವ ಬೋರ್ಡ್) – 1
ಸಣ್ಣ ಬಾಲ್ ಕ್ಯಾಸ್ಟರ್ (ಎಲ್ಲ ದಿಕ್ಕಿಗೂ ಉರುಳುವ ಗುಂಡಿನ ಆಸರೆ) – 1
7.4 ವೋಲ್ಟ್, 450 ಎಂಎಎಚ್ ಲಿಪೊ ಬ್ಯಾಟರಿ – 2, ಬ್ಯಾಲೆನ್ಸ್ ಚಾರ್ಜರ್ – 1
5 ವೋಲ್ಟ್‌ಗೆ ಇಳಿಸುವ ಬಕ್ ಕನ್ವರ್ಟರ್ – 1
470 ಮೈಕ್ರೊಫ್ಯಾರಡ್, 16 ವೋಲ್ಟ್ ಕೆಪ್ಯಾಸಿಟರ್ – 1. 104 ನಂಬರಿನ ಸೆರಾಮಿಕ್ ಕೆಪ್ಯಾಸಿಟರ್ – 2
ಸ್ಲೈಡ್ ಸ್ವಿಚ್, ಪುಶ್ ಬಟನ್, ಬರ್ಗ್ ಸ್ಟ್ರಿಪ್ (ತಂತಿ ಜೋಡಿಸುವ ಪಿನ್ ಸಾಲು), ಎಂ2 ಮತ್ತು ಎಂ3 ಸ್ಕ್ರೂಗಳು, 3 ಮಿ.ಮೀ. ಅಕ್ರಿಲಿಕ್ ಹಾಳೆ

ಮೋಟಾರ್ ಮೂರು ಯಾಕೆಂದರೆ ಒಂದೇ ಪೆಟ್ಟಿಗೆಯಿಂದ ಬಂದ ಎರಡು ಎನ್20 ಕೂಡ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಮೂರರಲ್ಲಿ ಹೆಚ್ಚು ಹೊಂದುವ ಎರಡನ್ನು ಆರಿಸಿ.

ಕೆಂಪು ಬಣ್ಣದ ಎಲ್298ಎನ್ ಡ್ರೈವರ್ ಬೋರ್ಡ್ ಲ್ಯಾಬ್‌ನಲ್ಲಿ ಬಿದ್ದಿರುತ್ತದೆ, ಅದನ್ನೇ ಹಾಕೋಣ ಎನ್ನಿಸುವುದು ಸಹಜ. ಬೇಡ. ಅದರೊಳಗಿನ ಹಳೆಯ ಕಾಲದ ಟ್ರಾನ್ಸಿಸ್ಟರ್‌ಗಳು 1 ಆಂಪಿಯರ್ ಹರಿದಾಗ 2 ವೋಲ್ಟ್‌ನಷ್ಟು ತಾವೇ ನುಂಗಿ ಬಿಸಿಯಾಗುತ್ತವೆ. 7.4 ವೋಲ್ಟ್ ಬ್ಯಾಟರಿಯಲ್ಲಿ ಅಷ್ಟು ಕಳೆದುಕೊಳ್ಳುವ ಶಕ್ತಿ ನಮಗಿಲ್ಲ. ಟಿಬಿ6612 ಮಾಸ್ಫೆಟ್ ಎಂಬ ಬೇರೆ ಬಗೆಯ ಟ್ರಾನ್ಸಿಸ್ಟರ್ ಬಳಸುತ್ತದೆ, ನಷ್ಟ ತೀರ ಕಡಿಮೆ. ಪ್ರತಿ ಮೋಟಾರಿಗೆ 1.2 ಆಂಪಿಯರ್ ನಿರಂತರವಾಗಿ, ಕ್ಷಣಮಾತ್ರಕ್ಕೆ 3.2 ಆಂಪಿಯರ್‌ವರೆಗೆ ತಡೆಯುತ್ತದೆ. ಎನ್20 ಮೋಟಾರನ್ನು ಕೈಯಿಂದ ಒತ್ತಿ ನಿಲ್ಲಿಸಿದರೆ ಕೆಲವು ಮಾದರಿಗಳು 1.6 ಆಂಪಿಯರ್‌ವರೆಗೆ ಎಳೆಯುತ್ತವೆ, ಹಾಗಾಗಿ ಚಕ್ರ ಸಿಕ್ಕಿಹಾಕಿಕೊಂಡಾಗ ತಕ್ಷಣ ಸ್ವಿಚ್ ಆಫ್ ಮಾಡಿ.

ಒಂದೊಂದೇ ಕಣ್ಣಿನ ಅಗ್ಗದ ಐಆರ್ (ಇನ್‌ಫ್ರಾರೆಡ್) ಮಾಡ್ಯೂಲ್‌ಗಳೂ ಬೇಡ. ಅವು ಕಪ್ಪು ಅಥವಾ ಬಿಳಿ, ಎರಡೇ ಉತ್ತರ ಕೊಡುತ್ತವೆ. ಗೆರೆಯ ಅಂಚು ಕಣ್ಣಿನ ಕೆಳಗೆ ಅರ್ಧ ಬಂದಿದೆಯೋ ಕಾಲು ಬಂದಿದೆಯೋ ಎಂಬುದು ಅನಲಾಗ್ ಸೆನ್ಸರಿಗೆ ಮಾತ್ರ ಗೊತ್ತಾಗುತ್ತದೆ. ವೇಗವಾಗಿ ಓಡುವ ರೋಬೋಟ್ ನಡೆಯುವುದೇ ಆ ಕಾಲು-ಅರ್ಧಗಳ ಮೇಲೆ.

ಚಾಸಿ: ಕಾಗದದ ಮೇಲೆ ಎತ್ತರದ ಲೆಕ್ಕ

ನೇರವಾಗಿ ಅಕ್ರಿಲಿಕ್ ಕತ್ತರಿಸಬೇಡಿ. ಮೊದಲು ಎತ್ತರದ ಲೆಕ್ಕ ಹಾಕಿ. ಚಕ್ರದ ವ್ಯಾಸ 43 ಮಿ.ಮೀ. ಆದ್ದರಿಂದ ಅಚ್ಚು ನೆಲದಿಂದ 21.5 ಮಿ.ಮೀ. ಮೇಲೆ. ಎನ್20 ಮೋಟಾರ್ ಮಲಗಿಸಿದಾಗ ಅದರ ಎತ್ತರ 10 ಮಿ.ಮೀ., ಅಚ್ಚು ಅದರ ನಡುಮಧ್ಯ. ಮೋಟಾರನ್ನು ತಟ್ಟೆಯ ಮೇಲೆ ಕೂರಿಸಿದರೆ ತಟ್ಟೆಯ ಮೇಲ್ಮೈ 16.5 ಮಿ.ಮೀ., 3 ಮಿ.ಮೀ. ದಪ್ಪ ಕಳೆದು ತಟ್ಟೆಯ ತಳ ನೆಲದಿಂದ 13.5 ಮಿ.ಮೀ. ಕ್ಯಾಸ್ಟರಿನ ಎತ್ತರ ಅಷ್ಟೇ ಇರಬೇಕು. ಕಡಿಮೆ ಇದ್ದರೆ ಅಡಿಯಲ್ಲಿ ವಾಷರ್ ಕೊಟ್ಟು ಎತ್ತರಿಸಿ. ಸೆನ್ಸರ್ ಕಣ್ಣುಗಳು ನೆಲದಿಂದ 3 ಮಿ.ಮೀ. ಇರಬೇಕಾದ್ದರಿಂದ, 13.5ರಿಂದ ಅಲ್ಲಿಗೆ ಇಳಿಸಲು ಎಷ್ಟು ಉದ್ದದ ಸ್ಪೇಸರ್ ಬೇಕು ಎಂದು ನಿಮ್ಮ ಪಟ್ಟಿಯ ದಪ್ಪ ಅಳೆದು ನಿರ್ಧರಿಸಿ. ಈ ಒಂದು ಪುಟದ ಲೆಕ್ಕ ಮಾಡದೆ ಕಟ್ಟಿದ ರೋಬೋಟ್ ಮೂಗು ಎತ್ತಿಕೊಂಡೋ ನೆಲಕ್ಕೆ ತುರಿಸಿಕೊಂಡೋ ಓಡುತ್ತದೆ.

ಎರಡು ಚಕ್ರಗಳ ನಡುವೆ 100ರಿಂದ 120 ಮಿ.ಮೀ., ಅಚ್ಚಿನಿಂದ ಸೆನ್ಸರ್ ಪಟ್ಟಿಗೆ 80ರಿಂದ 100 ಮಿ.ಮೀ. ಇಟ್ಟರೆ ಹೆಚ್ಚಿನ ಟ್ರ್ಯಾಕ್‌ಗಳಿಗೆ ಹೊಂದುತ್ತದೆ. ಸೆನ್ಸರ್ ಮುಂದೆ ಹೋದಷ್ಟೂ ತಿರುವಿನ ಸುದ್ದಿ ಬೇಗ ತಿಳಿಯುತ್ತದೆ. ಆದರೆ ಮೂಗು ಉದ್ದವಾದಷ್ಟೂ ಚಕ್ರ ಸ್ವಲ್ಪ ತಿರುಗಿದರೂ ಸೆನ್ಸರ್ ಬಹಳ ಪಕ್ಕಕ್ಕೆ ಬೀಸುತ್ತದೆ, ಚೂಪು ತಿರುವಿನಲ್ಲಿ ಗೆರೆಯಿಂದ ಆಚೆ ಹಾರುತ್ತದೆ.

ಚಿತ್ರವನ್ನು ನಿಜವಾದ ಅಳತೆಯಲ್ಲೇ ಪ್ರಿಂಟ್ ತೆಗೆದು ರಟ್ಟಿಗೆ ಅಂಟಿಸಿ, ಕತ್ತರಿಸಿ, ಎಲ್ಲ ಭಾಗ ಇಟ್ಟು ನೋಡಿ. ರಟ್ಟಿನಲ್ಲಿ ಕೂತದ್ದು ಅಕ್ರಿಲಿಕ್‌ನಲ್ಲೂ ಕೂರುತ್ತದೆ. ಎಂ3 ಸ್ಕ್ರೂಗೆ 3.2 ಮಿ.ಮೀ. ತೂತು ಕೊಡಿ. ಅಕ್ರಿಲಿಕ್‌ನಲ್ಲಿ ಸ್ಕ್ರೂ ಬಿಗಿಯುವಾಗ ಎರಡೂ ಕಡೆ ವಾಷರ್ ಹಾಕಿ, ಇಲ್ಲದಿದ್ದರೆ ತೂತಿನಿಂದ ಅಂಚಿನವರೆಗೆ ಕೂದಲೆಳೆಯಂಥ ಬಿರುಕು ಓಡುತ್ತದೆ.

ತೂಕದ ಹಂಚಿಕೆಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲೇ ನೋಡಬಹುದು. ಚಕ್ರಗಳನ್ನು ತಕ್ಕಡಿಯಷ್ಟೇ ಎತ್ತರದ ಪುಸ್ತಕದ ಮೇಲೆ ಇಟ್ಟು, ಕ್ಯಾಸ್ಟರ್ ಒಂದನ್ನೇ ತಕ್ಕಡಿಯ ಮೇಲೆ ನಿಲ್ಲಿಸಿ. ಒಟ್ಟು 200 ಗ್ರಾಂ ತೂಗುವ ರೋಬೋಟ್‌ನಲ್ಲಿ ಕ್ಯಾಸ್ಟರ್ 40ರಿಂದ 50 ಗ್ರಾಂ ಹೊತ್ತರೆ ಸಾಕು. ಅದಕ್ಕಿಂತ ಹೆಚ್ಚಾದರೆ ಬ್ಯಾಟರಿಯನ್ನು ಅಚ್ಚಿನ ಕಡೆಗೆ ಸರಿಸಿ. ಚಕ್ರದ ಮೇಲೆ ಭಾರವಿದ್ದರೆ ಮಾತ್ರ ಟೈರಿಗೆ ಹಿಡಿತ.

ಬೆಸುಗೆ ಮತ್ತು ವಿದ್ಯುತ್

ಮೋಟಾರಿನ ಹಿಂಬದಿಯಲ್ಲಿ ಎರಡು ತೆಳು ತಗಡಿನ ನಾಲಿಗೆಗಳಿವೆ. ಅವುಗಳ ಬುಡ ಕೂತಿರುವುದು ಪ್ಲಾಸ್ಟಿಕ್ ಮುಚ್ಚಳದಲ್ಲಿ. ಬೆಸುಗೆ ಕಡ್ಡಿಯನ್ನು ಐದಾರು ಸೆಕೆಂಡ್ ಅಲ್ಲೇ ಒತ್ತಿ ಹಿಡಿದರೆ ಪ್ಲಾಸ್ಟಿಕ್ ಮೆತ್ತಗಾಗಿ ನಾಲಿಗೆ ಓರೆಯಾಗುತ್ತದೆ. ಒಳಗಿನ ಬ್ರಷ್ ಜಾಗ ಬಿಡುತ್ತದೆ, ಮೋಟಾರ್ ಒಮ್ಮೆ ತಿರುಗಿ ಒಮ್ಮೆ ನಿಲ್ಲುತ್ತದೆ. ಹೀಗೆ ಮಾಡಿ: 0.8 ಮಿ.ಮೀ.ನ 63/37 ಬೆಸುಗೆ ತಂತಿ ತೆಗೆದುಕೊಳ್ಳಿ. ನಾಲಿಗೆಗೆ ಒಂದು ಹನಿ, ವೈರಿನ ತುದಿಗೆ ಒಂದು ಹನಿ ಮೊದಲೇ ಹಚ್ಚಿಡಿ. ಆಮೇಲೆ ಎರಡನ್ನೂ ಸೇರಿಸಿ ಕಡ್ಡಿ ಮುಟ್ಟಿಸಿದರೆ ಎರಡು ಸೆಕೆಂಡಿನಲ್ಲಿ ಒಂದಾಗುತ್ತವೆ. ಬೆಸುಗೆ ಆರಿದಾಗ ಹೊಳೆಯಬೇಕು. ಮಂಕಾಗಿ, ಮರಳಿನಂತೆ ಕಂಡರೆ ಅಲುಗಾಡಿದೆ ಎಂದರ್ಥ, ಮತ್ತೊಮ್ಮೆ ಕಾಯಿಸಿ. ಇದೇ ನಾಲಿಗೆಗಳ ನಡುವೆ 104 ಕೆಪ್ಯಾಸಿಟರನ್ನೂ ಬೆಸೆಯಿರಿ. ಬ್ರಷ್‌ನಿಂದ ಹುಟ್ಟುವ ಕಿಡಿಯ ಗದ್ದಲ ಸೆನ್ಸರ್ ತಂತಿಗಳಿಗೆ ದಾಟದಂತೆ ಅದು ತಡೆಯುತ್ತದೆ.

ಬ್ಯಾಟರಿಯಿಂದ ಸ್ವಿಚ್, ಸ್ವಿಚ್‌ನಿಂದ ಎರಡು ದಾರಿ. ಒಂದು ನೇರ ಮೋಟಾರ್ ಡ್ರೈವರ್‌ಗೆ, ಇನ್ನೊಂದು ಬಕ್ ಕನ್ವರ್ಟರ್ ಮೂಲಕ 5 ವೋಲ್ಟ್ ಆಗಿ ನ್ಯಾನೊ ಮತ್ತು ಸೆನ್ಸರ್‌ಗೆ. 470 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಡ್ರೈವರ್‌ನ ಪಕ್ಕದಲ್ಲೇ ಕೂರಲಿ. ಬಕ್ ಕನ್ವರ್ಟರನ್ನು ಬೇರೆ ಯಾವುದಕ್ಕೂ ಜೋಡಿಸುವ ಮುನ್ನ ಬ್ಯಾಟರಿ ಕೊಟ್ಟು, ಮಲ್ಟಿಮೀಟರ್ ಹಿಡಿದು, ಸಣ್ಣ ಸ್ಕ್ರೂ ತಿರುಗಿಸಿ 5.0 ವೋಲ್ಟ್‌ಗೆ ತನ್ನಿ, ಆ ಸ್ಕ್ರೂ ಮೇಲೆ ಒಂದು ಹನಿ ಉಗುರುಬಣ್ಣ ಹಾಕಿ. ಓಟದ ನಡುಕಕ್ಕೆ ಅದು ಸರಿದರೆ ನ್ಯಾನೊ ಸುಟ್ಟುಹೋಗುತ್ತದೆ. 7805 ರೆಗ್ಯುಲೇಟರ್ ಇಲ್ಲಿ ಸಲ್ಲದು. ಅದು ಸರಿಯಾಗಿ ದುಡಿಯಲು ಒಳಗೆ ಸುಮಾರು 7 ವೋಲ್ಟ್ ಬೇಕು, ಮೋಟಾರ್ ದಿಕ್ಕು ಬದಲಿಸುವ ಕ್ಷಣದಲ್ಲಿ ನಮ್ಮ ಬ್ಯಾಟರಿ ಅದಕ್ಕಿಂತ ಕೆಳಗಿಳಿಯಬಹುದು.

ಎಲ್ಲ ಗ್ರೌಂಡ್ ತಂತಿಗಳೂ ಡ್ರೈವರ್‌ನ ಗ್ರೌಂಡ್ ಬಳಿ ಒಂದೇ ಜಾಗದಲ್ಲಿ ಸೇರಲಿ. ಮೋಟಾರಿನ ಕರೆಂಟ್ ಸೆನ್ಸರಿನ ಗ್ರೌಂಡ್ ತಂತಿಯ ಮೂಲಕ ಹರಿದರೆ, ಮೋಟಾರ್ ಓಡಿದಾಗಲೆಲ್ಲ ಸೆನ್ಸರ್ ಸಂಖ್ಯೆಗಳು ಕುಣಿಯುತ್ತವೆ.

ಮೋಟಾರ್ ಚಾಲೂ ಆದ ಕೂಡಲೇ ನ್ಯಾನೊದ ಎಲ್ ಎಂಬ ಸಣ್ಣ ದೀಪ ಪಟಪಟ ಮಿನುಗಿ, ಪ್ರೋಗ್ರಾಂ ಮೊದಲಿನಿಂದ ಶುರುವಾಗುತ್ತಿದೆಯೇ? ಅದು ಕೋಡ್ ದೋಷವಲ್ಲ. ವೋಲ್ಟೇಜ್ ಕುಸಿದು ನ್ಯಾನೊ ರಿಸೆಟ್ ಆಗುತ್ತಿದೆ. ಬ್ಯಾಟರಿ ಚಾರ್ಜ್, ಸ್ವಿಚ್‌ನ ಬೆಸುಗೆ, ಕೆಪ್ಯಾಸಿಟರ್, ಈ ಕ್ರಮದಲ್ಲಿ ನೋಡಿ.

ಲಿಪೊ ಬ್ಯಾಟರಿಯ ಬಗ್ಗೆ ಕಟ್ಟುನಿಟ್ಟಾಗಿರಿ. ತುಂಬಿದಾಗ 8.4 ವೋಲ್ಟ್, 7.0ಕ್ಕೆ ಬಂದರೆ ಓಟ ನಿಲ್ಲಿಸಿ. ಒಂದು ಸೆಲ್ 3.0 ವೋಲ್ಟ್‌ಗಿಂತ ಕೆಳಗೆ ಹೋದರೆ ಹಾಳಾಗುತ್ತದೆ. 450 ಎಂಎಎಚ್ ಬ್ಯಾಟರಿಗೆ 0.45 ಆಂಪಿಯರ್‌ನಲ್ಲಿ ಚಾರ್ಜ್, ಅದೂ ಯಾರಾದರೂ ಕಣ್ಣೆದುರು ಕೂತಿರುವಾಗ ಮಾತ್ರ. ಉಬ್ಬಿದ ಬ್ಯಾಟರಿಯನ್ನು ಇನ್ನೊಂದು ಸಲ ಬಳಸೋಣ ಎನ್ನುವ ಮಾತೇ ಬೇಡ.

ಮೋಟಾರ್ ಪರೀಕ್ಷೆ

ಪಿನ್‌ಗಳ ಹಂಚಿಕೆ ಹೀಗಿರಲಿ: ಎಂಟು ಸೆನ್ಸರ್‌ಗಳಿಗೆ ಎ0ದಿಂದ ಎ7, ಎರಡು ಮೋಟಾರಿನ ವೇಗಕ್ಕೆ 9 ಮತ್ತು 10, ದಿಕ್ಕಿಗೆ 4, 5, 7, 8, ಸ್ಟ್ಯಾಂಡ್‌ಬೈಗೆ 6, ಬಟನ್‌ಗೆ 2. ವೇಗಕ್ಕೆ 9 ಮತ್ತು 10 ಆರಿಸಿದ್ದಕ್ಕೆ ಕಾರಣವಿದೆ. ನ್ಯಾನೊದಲ್ಲಿ 5 ಮತ್ತು 6ನೇ ಪಿನ್‌ಗಳ ಪಿಡಬ್ಲ್ಯುಎಂ (ವಿದ್ಯುತ್ತನ್ನು ಪಟಪಟ ಕೊಟ್ಟು ಕಡಿದು ವೇಗ ಹೊಂದಿಸುವ ವಿಧಾನ) ಸೆಕೆಂಡಿಗೆ 980 ಸಲ, ಉಳಿದವುಗಳದ್ದು 490 ಸಲ. ಒಂದು ಮೋಟಾರ್ 5ಕ್ಕೆ, ಇನ್ನೊಂದು 9ಕ್ಕೆ ಕೊಟ್ಟರೆ ಒಂದೇ ಸಂಖ್ಯೆಗೆ ಎರಡೂ ಬೇರೆ ಬೇರೆಯಾಗಿ ಸ್ಪಂದಿಸುತ್ತವೆ, ಎತ್ತು ಏರಿಗೆ ಕೋಣ ನೀರಿಗೆ ಎಂಬಂತಾಗುತ್ತದೆ. ಎ4, ಎ5 ಎರಡೂ ಸೆನ್ಸರಿಗೆ ಹೋಗಿರುವುದರಿಂದ ಸಾಮಾನ್ಯವಾಗಿ ಆ ಪಿನ್‌ಗಳನ್ನೇ ಕೇಳುವ ಡಿಸ್ಪ್ಲೇ ಜೋಡಿಸುವ ಆಸೆ ಬಿಡಿ.

ಮೋಟಾರ್ ತಿರುಗಲೇ ಇಲ್ಲವೆಂದರೆ ಮೊದಲು ಸ್ಟ್ಯಾಂಡ್‌ಬೈ ಪಿನ್ ನೋಡಿ. ಅದಕ್ಕೆ 5 ವೋಲ್ಟ್ ಹೋಗದಿದ್ದರೆ ಟಿಬಿ6612 ಮಲಗಿಯೇ ಇರುತ್ತದೆ.

6 ವೋಲ್ಟ್ ಮೋಟಾರಿಗೆ 8.4 ವೋಲ್ಟ್ ಪೂರ್ತಿ ಕೊಡಬಾರದು. ಪಿಡಬ್ಲ್ಯುಎಂ ಸಂಖ್ಯೆ 0ಯಿಂದ 255ರವರೆಗೆ ಇರುತ್ತದೆ, ಅದಕ್ಕೆ 180ರ ಮಿತಿ ಹಾಕಿದರೆ ಸರಾಸರಿ 5.9 ವೋಲ್ಟ್ ಹೋಗುತ್ತದೆ. ಈಗ ಸೆನ್ಸರ್ ಇಲ್ಲದೆ ಎರಡೂ ಮೋಟಾರಿಗೆ 100 ಕೊಟ್ಟು ನಯವಾದ ನೆಲದ ಮೇಲೆ ಎರಡು ಮೀಟರ್ ಓಡಿಸಿ. ನೇರದಿಂದ 20 ಸೆಂ.ಮೀ.ಗಿಂತ ಹೆಚ್ಚು ಪಕ್ಕಕ್ಕೆ ಹೋದರೆ ಮೂರನೇ ಮೋಟಾರ್ ಹಾಕಿ ನೋಡಿ. ಚಕ್ರವನ್ನೂ ಪರೀಕ್ಷಿಸಿ: ತಿರುಗುವ ಟೈರಿನ ಪಕ್ಕ ಪೆನ್ನಿನ ತುದಿ ಹಿಡಿದರೆ ನಡುವಿನ ಸಂದು ಹಿಗ್ಗಿ ಕುಗ್ಗುವುದು ಕಾಣುತ್ತದೆ. ಒಂದು ಮಿಲಿಮೀಟರಿಗಿಂತ ಹೆಚ್ಚು ಓಲಾಡುವ ಚಕ್ರ ಬೇಡ.

ಸೆನ್ಸರ್: ಅರ್ಧ ಗೆಲುವು ಇಲ್ಲೇ

ಸೆನ್ಸರ್ ಪಟ್ಟಿಯ ಪ್ರತಿ ಕಣ್ಣಿನಲ್ಲೂ ಬೆಳಕು ಚೆಲ್ಲುವ ಒಂದು ಐಆರ್ ದೀಪ, ಮರಳಿ ಬಂದ ಬೆಳಕನ್ನು ಹಿಡಿಯುವ ಒಂದು ಟ್ರಾನ್ಸಿಸ್ಟರ್ ಇವೆ. ಆ ಬೆಳಕು ನಮ್ಮ ಕಣ್ಣಿಗೆ ಕಾಣದು. ಮೊಬೈಲಿನ ಸೆಲ್ಫಿ ಕ್ಯಾಮೆರಾ ಹಿಡಿದರೆ ಬಹುತೇಕ ಫೋನ್‌ಗಳಲ್ಲಿ ಎಂಟು ನೇರಳೆ ಚುಕ್ಕಿಗಳು ಕಾಣುತ್ತವೆ. ಏಳೇ ಕಂಡರೆ ಸತ್ತ ಕಣ್ಣು ಯಾವುದೆಂದು ಅಲ್ಲೇ ಗೊತ್ತಾಯಿತು.

ಈ ಪಟ್ಟಿಗಳಲ್ಲಿ ಕಣ್ಣಿನಿಂದ ಕಣ್ಣಿಗೆ ಸಾಮಾನ್ಯವಾಗಿ ಸುಮಾರು 9.5 ಮಿ.ಮೀ. ಅಂತರ. 30 ಮಿ.ಮೀ. ಗೆರೆಯಲ್ಲಿ ಒಂದೇ ಹೊತ್ತಿಗೆ ಮೂರು ಕಣ್ಣು ಕಪ್ಪಿನ ಮೇಲಿರುತ್ತವೆ, 20 ಮಿ.ಮೀ. ಗೆರೆಯಲ್ಲಿ ಎರಡು. ಒಂದೇ ಕಣ್ಣು ಹಿಡಿಯುವಷ್ಟು ತೆಳು ಗೆರೆಯಾದರೆ ಎರಡು ಕಣ್ಣುಗಳ ನಡುವಿನ ಕುರುಡು ಜಾಗದಲ್ಲಿ ಗೆರೆ ಮಾಯವಾಗಬಹುದು.

ಎತ್ತರದ ಪರೀಕ್ಷೆಗೆ ಅರ್ಧ ಗಂಟೆ ಮೀಸಲಿಡಿ. ಬಿಳಿಯ ಮೇಲೆ ಎಂಟೂ ಸಂಖ್ಯೆ, ಕಪ್ಪಿನ ಮೇಲೆ ಎಂಟೂ ಸಂಖ್ಯೆ ಬರೆಯಿರಿ. ಅಳತೆ 0ಯಿಂದ 1023. ಬಿಳಿಗೂ ಕಪ್ಪಿಗೂ 500ರಷ್ಟು ಅಂತರ ಇದ್ದರೆ ನಿಶ್ಚಿಂತೆ, 300ಕ್ಕಿಂತ ಕಡಿಮೆಯಾದರೆ ಎತ್ತರ ಸರಿಯಿಲ್ಲ. ಪಟ್ಟಿಯ ಎಡತುದಿ 3 ಮಿ.ಮೀ., ಬಲತುದಿ 5 ಮಿ.ಮೀ. ಇದ್ದರೆ ಸಂಖ್ಯೆಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಮೆಟ್ಟಿಲಿನಂತೆ ಇಳಿಯುತ್ತವೆ. ಆಗ ಒಂದು ಬದಿಯ ಸ್ಪೇಸರ್‌ಗೆ ತೆಳು ವಾಷರ್ ಸೇರಿಸಿ.

ನಂತರ ಅದೇ ಪರೀಕ್ಷೆಯನ್ನು ಕಿಟಕಿಯ ಪಕ್ಕ ಮಾಡಿ. ಬಿಸಿಲಿನಲ್ಲಿ ಐಆರ್ ತುಂಬಿರುತ್ತದೆ, ಕಪ್ಪು ಗೆರೆಯೂ ಬಿಳಿಯಂತೆ ಓದುತ್ತದೆ. ಪಟ್ಟಿಯ ಸುತ್ತ ಕಪ್ಪು ರಟ್ಟಿನ ಅಂಚು ಕಟ್ಟಿ, ನೆಲದಿಂದ 1 ಮಿ.ಮೀ. ಮೇಲಿರಲಿ. ಸ್ಪರ್ಧೆ ನಡೆಯುವುದು ನಿಮ್ಮ ಲ್ಯಾಬಿನಲ್ಲಲ್ಲ, ದೊಡ್ಡ ಕಿಟಕಿಗಳ ಸಭಾಂಗಣದಲ್ಲೋ ಶಾಮಿಯಾನದ ಕೆಳಗೋ ಇರಬಹುದು.

ಕೋಡ್: ಸ್ಥಾನ ಕಂಡುಹಿಡಿಯುವುದು

ಬಟನ್ ಒತ್ತಿದಾಗ ರೋಬೋಟ್ ಮೂರು ಸೆಕೆಂಡ್ ಎಡಕ್ಕೂ ಬಲಕ್ಕೂ ಗೆರೆಯ ಮೇಲೆ ಹೊರಳಲಿ. ಆ ಹೊತ್ತಿನಲ್ಲಿ ಪ್ರತಿ ಕಣ್ಣು ಕಂಡ ಅತಿ ಕಡಿಮೆ, ಅತಿ ಹೆಚ್ಚು ಸಂಖ್ಯೆಗಳನ್ನು ನೆನಪಿಡಿ. ಮುಂದೆ ಪ್ರತಿ ಓದನ್ನೂ ಈ ಎರಡರ ನಡುವೆ 0ಯಿಂದ 1000ಕ್ಕೆ ಹೊಂದಿಸಿ, 50ಕ್ಕಿಂತ ಕಡಿಮೆಯದ್ದನ್ನು ಸೊನ್ನೆ ಎಂದೇ ಹಿಡಿಯಿರಿ.

ಎಡದಿಂದ ಬಲಕ್ಕೆ ಕಣ್ಣುಗಳಿಗೆ 0, 1000, 2000 ಹೀಗೆ 7000ದವರೆಗೆ ಬೆಲೆ ಕೊಡಿ. ಪ್ರತಿ ಓದನ್ನು ಅದರ ಬೆಲೆಯಿಂದ ಗುಣಿಸಿ, ಎಲ್ಲ ಕೂಡಿಸಿ, ಓದುಗಳ ಮೊತ್ತದಿಂದ ಭಾಗಿಸಿದರೆ ಗೆರೆಯ ಸ್ಥಾನ ಸಿಗುತ್ತದೆ. 3000 ಬೆಲೆಯ ಕಣ್ಣು 800, 4000 ಬೆಲೆಯ ಕಣ್ಣು 400 ಓದಿದರೆ, 40,00,000ವನ್ನು 1200ರಿಂದ ಭಾಗಿಸಿ 3333. ನಡು ಜಾಗ 3500. ಅಂದರೆ ತಪ್ಪು ಮೈನಸ್ 167, ಗೆರೆ ತುಸು ಎಡಕ್ಕಿದೆ.

ಇಲ್ಲೊಂದು ಬಲೆಯಿದೆ. ನ್ಯಾನೊದಲ್ಲಿ ಇಂಟ್ ಎಂಬ ಸಂಖ್ಯೆ 32,767ರವರೆಗೆ ಮಾತ್ರ ಹಿಡಿಯುತ್ತದೆ. 800 ಗುಣಿಸು 3000 ಎಂದಾಗಲೇ ಅದು ಉಕ್ಕಿ ಅರ್ಥವಿಲ್ಲದ ಉತ್ತರ ಬರುತ್ತದೆ, ಕಂಪೈಲರ್ ದೂರುವುದೂ ಇಲ್ಲ. ಈ ಲೆಕ್ಕದ ಎಲ್ಲ ಸಂಖ್ಯೆಗಳೂ ದೊಡ್ಡ ಬೆಲೆ ಹಿಡಿಯುವ ಲಾಂಗ್ ಬಗೆಯವಾಗಿರಲಿ.

ಎಂಟೂ ಕಣ್ಣು ಬಿಳಿಯನ್ನೇ ಕಂಡರೆ ಗೆರೆ ತಪ್ಪಿದೆ. ಕೊನೆಯ ಸ್ಥಾನ 3500ಕ್ಕಿಂತ ಕಡಿಮೆ ಇದ್ದರೆ 0, ಹೆಚ್ಚಿದ್ದರೆ 7000 ಎಂದು ಹೇಳಿ, ರೋಬೋಟ್ ಗೆರೆ ಕೊನೆಗೆ ಕಂಡ ಕಡೆಗೇ ತಿರುಗಿ ಹುಡುಕುತ್ತದೆ. ಚೂಪು ತಿರುವುಗಳನ್ನು ದಾಟಿಸುವುದು ಈ ಒಂದು ಸಾಲು. ಆದರೆ ಕಡಿದ ಗೆರೆ ಇರುವ ಟ್ರ್ಯಾಕ್‌ನಲ್ಲಿ ಇದೇ ಸಾಲು ಮುಳುವಾಗುತ್ತದೆ. ಅದಕ್ಕೆ ಕೊನೆಯ ತಪ್ಪು 1000ಕ್ಕಿಂತ ಚಿಕ್ಕದಿದ್ದರೆ ಮೊದಲು 100 ಮಿಲಿಸೆಕೆಂಡ್ ನೇರ ಹೋಗಿ, ಆಮೇಲೆ ಹುಡುಕಲಿ. ಸೆಕೆಂಡಿಗೆ 0.8 ಮೀಟರ್ ವೇಗದಲ್ಲಿ ಆ ಹೊತ್ತಿಗೆ 8 ಸೆಂ.ಮೀ. ದಾಟುತ್ತದೆ. ಅಡ್ಡಗೆರೆಗೆ ಪ್ರತ್ಯೇಕ ಏರ್ಪಾಡು ಬೇಡ. ಎಂಟೂ ಕಣ್ಣು ಕಪ್ಪು ಕಂಡಾಗ ಸರಾಸರಿ ತಾನಾಗಿಯೇ 3500 ಬರುತ್ತದೆ.

ಟ್ಯೂನಿಂಗ್

ಪಿಐಡಿ ಎಂಬ ಹೆಸರಿಗೆ ಹೆದರಬೇಕಿಲ್ಲ. ಹಡಗಿನ ಚುಕ್ಕಾಣಿಯನ್ನು ಯಂತ್ರವೇ ಹಿಡಿಯುವುದು ಹೇಗೆಂದು ನಿಕೊಲಸ್ ಮಿನೋರ್ಸ್ಕಿ 1922ರಲ್ಲಿ ಬರೆದ ಪ್ರಬಂಧದಲ್ಲೇ ಇದರ ಮೂಲ ಇದೆ. ಪಳಗಿದ ಚುಕ್ಕಾಣಿಗಾರ ಹಡಗು ಎಷ್ಟು ದಾರಿ ತಪ್ಪಿದೆ ಎಂದಷ್ಟೇ ನೋಡುವುದಿಲ್ಲ, ಎಷ್ಟು ಬೇಗ ತಪ್ಪುತ್ತಿದೆ ಎಂದೂ ನೋಡುತ್ತಾನೆ. ಮೊದಲನೆಯದು ಪಿ, ಎರಡನೆಯದು ಡಿ. ಲೈನ್ ಫಾಲೋವರ್‌ಗೆ ಇವೆರಡೇ ಸಾಕು, ಹಿಂದಿನ ತಪ್ಪುಗಳನ್ನೆಲ್ಲ ಕೂಡಿಸಿ ನೋಡುವ ಐ ಸೊನ್ನೆಯಾಗಿಯೇ ಇರಲಿ.

ತಿದ್ದುಪಡಿ ಎಂದರೆ ಪಿ ಗುಣಕ ಗುಣಿಸು ಈಗಿನ ತಪ್ಪು, ಅದಕ್ಕೆ ಕೂಡಿಸು ಡಿ ಗುಣಕ ಗುಣಿಸು ಈಗಿನ ತಪ್ಪಿಗೂ ಹಿಂದಿನ ತಪ್ಪಿಗೂ ಇರುವ ವ್ಯತ್ಯಾಸ. ಇದನ್ನು ಒಂದು ಮೋಟಾರಿಗೆ ಕೂಡಿಸಿ, ಇನ್ನೊಂದರಿಂದ ಕಳೆಯಿರಿ. ಒಳಬದಿಯ ಚಕ್ರ ಹಿಂದಕ್ಕೂ ತಿರುಗಲು ಬಿಡಿ, ಮಿತಿ ಮೈನಸ್ 100ರಿಂದ 180.

ಮೂಲವೇಗ 80, ಡಿ ಸೊನ್ನೆ, ಪಿ 0.02 ಇಟ್ಟು ಶುರು ಮಾಡಿ. ರೋಬೋಟ್ ಸೋಮಾರಿಯಂತೆ ಹೋಗಿ ತಿರುವಿನಲ್ಲಿ ಗೆರೆ ಬಿಡುತ್ತದೆ. 0.01ರಂತೆ ಏರಿಸುತ್ತಾ ಹೋಗಿ. ಒಂದು ಹಂತದಲ್ಲಿ ಎಲ್ಲ ತಿರುವೂ ದಾಟುತ್ತದೆ, ಆದರೆ ನೇರ ಗೆರೆಯಲ್ಲೂ ಹಾವಿನಂತೆ ಹೊರಳುತ್ತದೆ. ಅಲ್ಲಿ ಪಿ ನಿಲ್ಲಿಸಿ. ಈಗ ಡಿಯನ್ನು ಪಿಯ ಹತ್ತು ಪಟ್ಟಿನಿಂದ ಶುರು ಮಾಡಿ ಏರಿಸಿ. ಹೊರಳಾಟ ಕಡಿಮೆಯಾಗಿ ರೋಬೋಟ್ ಗೆರೆಗೆ ಅಂಟಿಕೊಂಡಂತೆ ಹೋಗುತ್ತದೆ. ಡಿ ಮಿತಿಮೀರಿದರೆ ಮೂಗು ನಡುಗುತ್ತದೆ, ಮೋಟಾರ್ ಗುಂಯ್‌ಗುಡುತ್ತದೆ, ಮುಟ್ಟಿದರೆ ಬಿಸಿ. ಅಲ್ಲಿಂದ ಕಾಲುಭಾಗ ಇಳಿಸಿ. ಇಷ್ಟಾದ ಮೇಲೆ ಮೂಲವೇಗ 20 ಏರಿಸಿ, ಮತ್ತೆ ಇದೇ ಕೆಲಸ. ಒಂದು ಓಟಕ್ಕೆ ಒಂದೇ ಸಂಖ್ಯೆ ಬದಲಿಸಿ. ಕಣ್ಣಿಗೆ ನಿಲುಕದ ಹೊರಳಾಟವನ್ನು ಮೊಬೈಲಿನ ಸ್ಲೋ ಮೋಷನ್ ವಿಡಿಯೊದಲ್ಲಿ ನೋಡಿ.

ಡಿ ಲೆಕ್ಕ ಸಮಯವನ್ನು ನಂಬಿಕೊಂಡಿದೆ. ಎಂಟು ಕಣ್ಣು ಓದಲು ನ್ಯಾನೊಗೆ ಸುಮಾರು 1 ಮಿಲಿಸೆಕೆಂಡ್ ಹಿಡಿಯುತ್ತದೆ, ಆದ್ದರಿಂದ ಲೂಪ್ (ಕೋಡ್‌ನಲ್ಲಿ ಮತ್ತೆ ಮತ್ತೆ ನಡೆಯುವ ಭಾಗ) ಸರಿಯಾಗಿ 2 ಮಿಲಿಸೆಕೆಂಡಿಗೊಮ್ಮೆ ನಡೆಯುವಂತೆ ಕಟ್ಟಿಹಾಕಿ. ಲ್ಯಾಪ್‌ಟಾಪ್ ಪರದೆಯ ಸೀರಿಯಲ್ ಮಾನಿಟರ್‌ಗೆ ಸಂಖ್ಯೆ ಕಳುಹಿಸುವ ಸಾಲನ್ನು ಲೂಪಿನಲ್ಲೇ ಮರೆತು ಬಿಡುವುದು ತೀರ ಸಾಮಾನ್ಯ ತಪ್ಪು. 9600 ವೇಗದಲ್ಲಿ ಒಂದು ಅಕ್ಷರಕ್ಕೆ 1 ಮಿಲಿಸೆಕೆಂಡ್ ಬೇಕು. ನಲವತ್ತು ಅಕ್ಷರದ ಸಾಲು ಪ್ರತಿ ಸುತ್ತಿನಲ್ಲೂ ಹೋದರೆ ಲೂಪ್ 40 ಮಿಲಿಸೆಕೆಂಡ್ ಕಾಯುತ್ತದೆ. ಸೆಕೆಂಡಿಗೆ ಒಂದು ಮೀಟರ್ ಓಡುವ ರೋಬೋಟ್ ಅಷ್ಟರಲ್ಲಿ ಕಣ್ಣು ಮುಚ್ಚಿಕೊಂಡು 4 ಸೆಂ.ಮೀ. ಮುಂದೆ ಹೋಗಿರುತ್ತದೆ, ಗೆರೆಯ ಅಗಲಕ್ಕಿಂತ ಹೆಚ್ಚು.

ಟ್ಯೂನಿಂಗ್ ಯಾವಾಗಲೂ ಬ್ಯಾಟರಿ 7.8ರಿಂದ 8.2 ವೋಲ್ಟ್ ಇರುವಾಗಲೇ ಮಾಡಿ. ಹಿಂದಿನ ರಾತ್ರಿ 7.4ರಲ್ಲಿ ಚೆಂದಾಗಿ ಓಡಿದ ರೋಬೋಟ್ ಬೆಳಿಗ್ಗೆ 8.4 ತುಂಬಿಸಿಕೊಂಡು ಬಂದಾಗ ಅದೇ ಸಂಖ್ಯೆಗಳಲ್ಲಿ ಹೊರಳಾಡಿ ಟ್ರ್ಯಾಕ್ ಬಿಡುತ್ತದೆ. ಮೋಟಾರಿಗೆ ಹೋಗುವ ಬಲ ಶೇಕಡ 13ರಷ್ಟು ಹೆಚ್ಚಾಗಿದೆ, ಅಷ್ಟೇ. ತಂಡದವರು ಮಾತ್ರ ಗಾಬರಿಯಲ್ಲಿ ಕೋಡ್ ತಿದ್ದಲು ಕೂರುತ್ತಾರೆ.

ಸ್ಪರ್ಧೆಯ ದಿನ

ಕೈಪೆಟ್ಟಿಗೆಯಲ್ಲಿ ಸ್ಪೇರ್ ನ್ಯಾನೊಗೆ ಕೋಡ್ ಹಾಕಿಟ್ಟಿರಲಿ, ಮೂರನೇ ಮೋಟಾರಿಗೆ ವೈರ್ ಬೆಸೆದಿರಲಿ. ಎರಡನೇ ಬ್ಯಾಟರಿ, ಮಲ್ಟಿಮೀಟರ್, ಸ್ಕ್ರೂಡ್ರೈವರ್, ಯುಎಸ್‌ಬಿ ಕೇಬಲ್, ಮಾಸ್ಕಿಂಗ್ ಟೇಪ್ ಇರಲಿ. ಅಗ್ಗದ ನ್ಯಾನೊಗಳಿಗೆ ಲ್ಯಾಪ್‌ಟಾಪ್‌ನಲ್ಲಿ ಸಿಎಚ್340 ಡ್ರೈವರ್ ಎಂಬ ಸಾಫ್ಟ್‌ವೇರ್ ಬೇಕು, ಕೆಲವಕ್ಕೆ ಕೋಡ್ ಹಾಕುವಾಗ ಹಳೆಯ ಬೂಟ್‌ಲೋಡರ್ ಆಯ್ಕೆ ಬೇಕು. ಇವನ್ನೆಲ್ಲ ಒಯ್ಯುವ ಲ್ಯಾಪ್‌ಟಾಪ್‌ನಲ್ಲೇ ಹಿಂದಿನ ದಿನ ಪರೀಕ್ಷಿಸಿ.

ಅಲ್ಲಿ ಹೋದ ಕೂಡಲೇ ಟ್ರ್ಯಾಕ್ ಮೇಲೆ ಸೆನ್ಸರ್ ಸಂಖ್ಯೆಗಳನ್ನು ನೋಡಿ. ಬೆಳಿಗ್ಗೆ ಹತ್ತಕ್ಕೆ ನೆರಳಿದ್ದ ಜಾಗದಲ್ಲಿ ಹನ್ನೆರಡಕ್ಕೆ ಬಿಸಿಲಿರಬಹುದು, ಆದ್ದರಿಂದ ಪ್ರತಿ ಓಟಕ್ಕೂ ಮೊದಲು ಹೊಸದಾಗಿ ಕ್ಯಾಲಿಬ್ರೇಷನ್, ಅಂದರೆ ಬಟನ್ ಒತ್ತಿ ಗೆರೆಯ ಮೇಲೆ ಹೊರಳಿಸುವ ಆ ಮೂರು ಸೆಕೆಂಡ್. ಟೈರನ್ನು ಮಾಸ್ಕಿಂಗ್ ಟೇಪಿನ ಅಂಟಿನ ಮೇಲೆ ಉರುಳಿಸಿದರೆ ಧೂಳು ಎದ್ದುಬರುತ್ತದೆ, ಟೇಪ್ ಬೂದು ಬಣ್ಣಕ್ಕೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಟೇಪ್ ಸ್ವಚ್ಛವಾಗಿ ಬರುವತನಕ ಉರುಳಿಸಿ. ಮೊದಲ ಓಟವನ್ನು ಖಚಿತವಾಗಿ ಮುಗಿಯುವ ವೇಗದಲ್ಲಿ ಓಡಿಸಿ ಸಮಯ ದಾಖಲಿಸಿ, ಎರಡನೆಯದರಲ್ಲಿ ವೇಗ ಏರಿಸಿ.

ಎಲ್ಲ ಮುಗಿದು ಮರಳಿದ ಮೇಲೆ ಬ್ಯಾಟರಿಗಳನ್ನು ರೋಬೋಟ್‌ನಿಂದ ಕಳಚಿ, ಚಾರ್ಜರಿನ ಸ್ಟೋರೇಜ್ ಆಯ್ಕೆಯಲ್ಲಿ 7.6 ವೋಲ್ಟ್‌ಗೆ ತಂದು, ಬೆಂಕಿ ಹಿಡಿಯದ ಡಬ್ಬಿಯಲ್ಲಿಡಿ. ಕೊನೆಯ ಓಟದ ಪಿ, ಡಿ, ಮೂಲವೇಗ, ಬ್ಯಾಟರಿ ವೋಲ್ಟ್ ನಾಲ್ಕನ್ನೂ ಆವತ್ತೇ ನೋಟ್‌ಬುಕ್‌ಗೆ ಏರಿಸಿ.